ಶೋಕಿ ಮೇಷ್ಟ್ರ ಗಾಡಿ

ಸ್ಟಾಫ್ ರೂಮಿನ ಗೋಡೆ ಗಡಿಯಾರ ಬಿದ್ದು ಒಡೆದ ದಿನ ನಮ್ಮ ಮೇಷ್ಟ್ರು ರಜೆಯಲ್ಲಿದ್ದರಂತೆ. ಮಾರನೆಯ ದಿನ ಹೆಡ್‌ಮಾಸ್ಟರು ಎಲ್ಲರನ್ನೂ ಸಾಲಾಗಿ ಕೂರಿಸಿಕೊಂಡು “ಯಾರ್ರೀ ಒಡೆದದ್ದು?” ಎಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಆ ಮೌನವನ್ನು ಇವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮುಖವೆಲ್ಲ ಕೆಂಪು ಮಾಡಿಕೊಂಡು, “ನನ್ನ ಕೈಯೇ ತಗಲಿರಬೇಕು ಸಾರ್” ಎಂದುಬಿಟ್ಟರಂತೆ. “ನೀವು ನೆನ್ನೆ ಬಂದೇ ಇಲ್ವಲ್ಲ ಸ್ವಾಮಿ!” ಎಂದು ಹೆಡ್‌ಮಾಸ್ಟರು ಕಣ್ಣು ಬಿಟ್ಟರೆ, “ಹಾಗಾದ್ರೆ ಮೊನ್ನೆ ತಗಲಿರುತ್ತೆ, ನೆನ್ನೆ ಬಿದ್ದಿರುತ್ತೆ” ಎಂದರಂತೆ.

ಈ ಕಥೆಯನ್ನು ನನಗೆ ಹೇಳಿದ್ದು ಅವರ ಹೆಂಡತಿ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು. ಮೇಷ್ಟ್ರು ಅಲ್ಲೇ ಕುರ್ಚಿಯಲ್ಲಿ ಕೂತು, ಈಗತಾನೇ ಆ ಗಡಿಯಾರ ಒಡೆದವರ ಹಾಗೆ ನೆಲ ನೋಡುತ್ತಿದ್ದರು.

ನಾಚಿಕೆ ಎನ್ನುವುದು ಕೆಲವರಿಗೆ ಆಗಾಗ ಬರುವ ನೆಗಡಿ. ಮೇಷ್ಟ್ರಿಗೆ ಅದು ಹುಟ್ಟಿನಿಂದ ಬಂದ ಮೂಗು. ಹುಡುಗ ಕಾಪಿ ಹೊಡೆಯುವುದು ಕಣ್ಣಿಗೆ ಬಿದ್ದರೆ ಇವರೇ ಕಿಟಕಿಯ ಕಡೆ ತಿರುಗಿಕೊಂಡು, “ಯಾರೋ ಒಬ್ಬರು ಚೀಟೀನ ಒಳಗಿಟ್ಟುಕೊಳ್ಳೋದು ಒಳ್ಳೇದು” ಎಂದು ಆಕಾಶಕ್ಕೆ ಹೇಳುತ್ತಿದ್ದರು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಬಡಿಸುವವನು ತಾನಾಗಿ ಬರಬೇಕು; ಇವರು ಬಾಯಿಬಿಟ್ಟು ಸಾರು ಕೇಳಿದ್ದನ್ನು ನಾನು ಕಂಡಿಲ್ಲ. ಒಣ ಅನ್ನ ತಿಂದು ಎದ್ದುಬಂದು “ಅಡುಗೆ ಚೆನ್ನಾಗಿತ್ತು” ಎನ್ನುತ್ತಿದ್ದರು. ಇಂಥ ಮನುಷ್ಯನನ್ನು ನಮ್ಮ ಹೊಳೆನರಸೀಪುರದ ಬೀದಿ ಕೊನೆಯ ಎರಡು ವರ್ಷ ಕರೆದದ್ದು ಏನೆಂದು ಗೊತ್ತೇ? ಶೋಕಿ ಮೇಷ್ಟ್ರು. ಆ ಹೆಸರಿಗೆ ಕಾರಣವಾದ ಕೆಲಸ ಮಾಡಿದ್ದು ನನ್ನ ಈ ಎರಡು ಕೈ.

ನಾನು ಹಳೇಕೋಟೆ ಕಡೆಯವನು, ಬೇಸಾಯದ ಮನೆಯವನು. ಟ್ರ್ಯಾಕ್ಟರಿನ ಕೆಳಗೆ ಮಲಗಿ ಬೆಳೆದು, ಡಿಪ್ಲೊಮಾ ಮಾಡಿ, ಈಗ ಒಂದು ಐಟಿಐನಲ್ಲಿ ಹುಡುಗರಿಗೆ ವಾಹನ ರಿಪೇರಿ ಕಲಿಸುತ್ತೇನೆ. ಸ್ವಲ್ಪ ಮುಂಗೋಪಿ. ನನ್ನ ಹೆಂಡತಿಯ ಲೆಕ್ಕದಲ್ಲಿ ‘ಸ್ವಲ್ಪ’ ಎನ್ನುವುದು ಸುಳ್ಳು. ನಾಚಿಕೆಗೂ ನನಗೂ ಅಷ್ಟಕ್ಕಷ್ಟೆ. ಈಗ ಮೇಷ್ಟ್ರು ಹೋದ ಮೇಲೆ ಆ ಕಾಯಿಲೆ ನನಗೂ ಅಂಟಿಕೊಂಡಿದೆ. ಅವರ ಗೇಟಿನ ಮುಂದೆ ನಡೆದು ಹೋಗುವಾಗ ತಲೆ ತಾನೇ ಬಗ್ಗುತ್ತದೆ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಕಾಂಪೌಂಡು ಗೋಡೆ. ಅವರದು ತಲೆತಲಾಂತರದಿಂದ ದೇವಸ್ಥಾನದ ಪೂಜೆಯ ಮನೆ. ಪೂಜೆಯ ಸರದಿ ಅವರ ತಮ್ಮನಿಗೆ ಹೋಗಿ, ಇವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದರು. ಬಹಳ ವರ್ಷ ಅರಕಲಗೂಡಿನಲ್ಲಿ, ಆಮೇಲೆ ಇಲ್ಲಿ. ಇಸ್ತ್ರಿ ಮಾಡಿದ ಪಂಚೆ, ಹಣೆಯಲ್ಲಿ ಸಣ್ಣ ಕೆಂಪು ಗೆರೆ. ರಸ್ತೆಯ ಅಂಚಿನಲ್ಲೇ ನಡೆಯುವವರು, ಹಿಂದಿನಿಂದ ಸೈಕಲ್ ಬೆಲ್ ಕೇಳಿಸಿದರೆ ಚರಂಡಿಗೇ ಇಳಿಯುವವರು.

ಹೆಂಡತಿ ಅದಕ್ಕೆ ತದ್ವಿರುದ್ಧ. ಪಿ.ಟಿ. ಟೀಚರ್. ಕುಳ್ಳಗಿದ್ದರೂ ಸೀಟಿ ಊದಿದರೆ ಬೀದಿಯ ದನವೂ ನಿಲ್ಲಬೇಕು. ಅವರು ತಯಾರು ಮಾಡಿದ ಖೋ ಖೋ ತಂಡದ ಹೆಣ್ಣುಮಕ್ಕಳು ಜಿಲ್ಲೆಗೇ ಹೆಸರು ತಂದವರು. ಗಂಡ ಹೆಂಡತಿ ಸಂತೆಗೆ ಹೊರಟರೆ ಟೀಚರ್ ಮುಂದೆ, ಮೇಷ್ಟ್ರು ಚೀಲ ಹಿಡಿದು ಹಿಂದೆ. ಅವರ ಮನೆಯ ಗಾಡಿಯನ್ನು, ಜೀಪಿನ ಹಾಗೆ ಎತ್ತರದ ಆ ದೊಡ್ಡ ಕಾರನ್ನು, ಆರಿಸಿದ್ದೂ ಟೀಚರೇ, ಓಡಿಸುತ್ತಿದ್ದದ್ದೂ ಅವರೇ. “ಕುಳ್ಳೀರು ಎತ್ತರದ ಗಾಡೀಲೇ ಕೂರಬೇಕು, ಆಗ ಲೋಕ ಕಾಣುತ್ತೆ” ಎನ್ನುತ್ತಿದ್ದರು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಮೇಲಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೋಗುತ್ತಿದ್ದರು. ಮಕ್ಕಳಿಲ್ಲದ ಮನೆ. ಆದರೆ ಆ ಮನೆಯಲ್ಲಿ ಸದ್ದಿಗೆ ಕೊರತೆಯಿರಲಿಲ್ಲ.

ಟೀಚರಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಹಾಸನದ ಆಸ್ಪತ್ರೆಯಿಂದ ಬಂದ ಮೇಲೆ ಬರಬರುತ್ತಾ ಕೋಲೂರಿ ಮನೆಯೊಳಗೆ ಓಡಾಡುವಷ್ಟು ಸುಧಾರಿಸಿದರು. ಮೇಷ್ಟ್ರು ನಿವೃತ್ತಿಯ ಹೊಸ್ತಿಲಲ್ಲಿ ಡ್ರೈವಿಂಗ್ ಕಲಿತರು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ, ಮೂರನೇ ಸಲಕ್ಕೆ ಪಾಸಾದರು. ತಮ್ಮ ಹಳೆಯ ವಿದ್ಯಾರ್ಥಿಗಳ ನಡುವೆ ಕ್ಯೂ ನಿಂತು ಫೇಲಾಗುವುದೆಂದರೆ ಅವರಂಥವರಿಗೆ ಏನಾಗಿರಬೇಕು!

ಆದರೆ ತೊಂದರೆ ಓಡಿಸುವುದರಲ್ಲಿ ಇರಲಿಲ್ಲ, ಹತ್ತಿಸುವುದರಲ್ಲಿತ್ತು. ಕಾಲು ಸ್ವಾಧೀನವಿಲ್ಲದವರು ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರಬೇಕು, ಆಮೇಲೆ ಕಾಲನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹಾಗೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಟೀಚರ್ ಕುಳ್ಳಗೆ, ಸೀಟು ಎತ್ತರ. ಕೂರಲು ಹೋದರೆ ಅಂಚು ಸೊಂಟಕ್ಕೆ ತಾಗುತ್ತಿತ್ತು. ಮೇಷ್ಟ್ರು ಊಟದ ಮಣೆಯನ್ನು ತಂದು ಗಾಡಿಯ ಪಕ್ಕಕ್ಕಿಟ್ಟು, ಅದರ ಮೇಲೆ ಅವರನ್ನು ನಿಲ್ಲಿಸಿ, ಎಡಗಾಲು ಜಾರುತ್ತದೆಂದು ಕಂಕುಳಿಗೆ ಕೈಹಾಕಿ ಎತ್ತುತ್ತಿದ್ದರು. ಅಷ್ಟರಲ್ಲಿ ಎದುರಿನ ಅಂಗಡಿಯವನು “ಇಡ್ಕಳಿ ಸಾ, ಇಡ್ಕಳಿ! ಬತ್ತೀನಿ ತಡೀರಿ!” ಎಂದು ಓಡಿಬರುತ್ತಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಬೀದಿಯವರೆಲ್ಲ ಬಾಗಿಲಿಗೆ ಬಂದು ಅಯ್ಯೋ ಅಯ್ಯೋ ಎನ್ನುತ್ತಿದ್ದರು.

ಒಂದು ದಿನ ಟೀಚರ್ ಆ ಮಣೆಯನ್ನು ಕೋಲಿನಿಂದ ದೂರಕ್ಕೆ ತಳ್ಳಿದರು. “ನಾನೇನು ರಾಗಿ ಮೂಟೇನಾ? ಬೀದಿಯೋರೆಲ್ಲ ಸೇರ್ಕೊಂಡು ಲೋಡ್ ಮಾಡೋಕೆ?” ಎಂದು ಒಳಗೆ ಹೋದವರು ಮತ್ತೆ ಗೇಟು ದಾಟಲಿಲ್ಲ. ಮದುವೆ, ಮುಂಜಿ, ದೇವಸ್ಥಾನ ಎಲ್ಲ ನಿಂತಿತು. ಯಾರಾದರೂ ನೋಡಲು ಬಂದರೆ “ಮಲಗಿದಾಳೆ” ಎಂದು ಮೇಷ್ಟ್ರು ಬಾಗಿಲಲ್ಲೇ ಸುಳ್ಳು ಹೇಳುತ್ತಿದ್ದರು. ಸುಳ್ಳು ಹೇಳಿ ಕಿವಿಯ ತುದಿಯವರೆಗೂ ಕೆಂಪಾಗುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಹೀಗಿರುವಾಗ ಆ ಖೋ ಖೋ ತಂಡದ ಹುಡುಗಿಯರಿಂದ ಫೋನು ಬಂತು. ಹುಡುಗಿಯರೆಂದರೆ ಈಗ ಅವರಿಗೇ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಎಲ್ಲರೂ ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ ಸೇರುತ್ತಿದ್ದಾರೆ, ಮಿಸ್ ಬರಲೇಬೇಕು. ಟೀಚರ್ ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿ, ಇಟ್ಟ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. “ಅವರ ಕಣ್ಣಲ್ಲಿ ನಾನು ಓಡ್ತಾನೇ ಇರ್ಲಿ. ಇಳಿಸೋದು ಹತ್ತಿಸೋದು ನೋಡೋದು ಬೇಡ” ಎಂದರಂತೆ.

ಅದಾದ ಎರಡು ಮೂರು ದಿನಕ್ಕೆ ಮೇಷ್ಟ್ರು ಗೋಡೆಯ ಆಚೆಯಿಂದ ಕೆಮ್ಮಿದರು. ಕೆಮ್ಮು ಅವರ ಕರೆಗಂಟೆ. ನಾನು ಹೋದೆ.

“ಒಂದು ವಿಷಯ ಕೇಳಬೇಕಿತ್ತು. ನಗಬಾರದು.”

“ಏಳಿ ಸಾ.”

“ಗಾಡೀನ ಒಂದೆರಡು ಇಂಚು ಕುಳ್ಳಗೆ ಮಾಡೋಕಾಗುತ್ತಾ?”

ನಗಬಾರದು ಎಂದಿದ್ದರು, ಆದರೂ ನಕ್ಕೆ. ಗಾಡಿ ತಗ್ಗಿಸಿಕೊಂಡು ಮೆರೆಯುವುದು ಕಾಲೇಜು ಹುಡುಗರ ಶೋಕಿ. ಹಾಸನದ ಒಂದು ಗ್ಯಾರೇಜಿನಲ್ಲಿ ಕೇಳಿದರಂತೆ. ಕೆಲಸದವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ಇವರ ಪಂಚೆಯನ್ನೂ ಹಣೆಯನ್ನೂ ನೋಡಿ, “ಏನ್ ಸಾ, ಕಾಲೇಜ್ ಸೇರ್ಕಂಡ್ರಾ?” ಎಂದು ಕೇಳಿದರಂತೆ. ಇವರು ಗಾಡಿ ತಿರುಗಿಸಿಕೊಂಡು ವಾಪಸು ಬಂದಿದ್ದರು. ನಾನೂ ಆ ಗ್ಯಾರೇಜಿನವರಿಗಿಂತ ಒಳ್ಳೆಯ ಮಾತೇನೂ ಆಡಲಿಲ್ಲ. “ಯಾಕ್ ಸಾ ಈ ವಯಸ್ನಲ್ಲಿ ಇವೆಲ್ಲ? ನಮ್ಮ ರಸ್ತೇಲಿ ಜನ ಗಾಡೀನ ಎತ್ತರ ಮಾಡ್ಸ್ಕತಾರೆ, ನೀವು ಇಳ್ಸೋಕೆ ಒಂಟಿದೀರಲ್ಲ! ನಿಯಮಕ್ಕೂ ಸರಿಬರಲ್ಲ, ಯಾವನಾದ್ರೂ ಇಡದ್ರೆ ದಂಡ ಕಟ್ಟಬೇಕು. ಸುಮ್ಕಿರಿ” ಎಂದೆ.

ಅವರು ಹೋಗಲಿಲ್ಲ. ಮನೆಯ ಪಕ್ಕದ ಓಣಿಗೆ ಕರೆದುಕೊಂಡು ಹೋಗಿ, ಅಡುಗೆಮನೆಯ ಕಿಟಕಿ ಮುಚ್ಚಿದೆಯೇ ಎಂದು ನೋಡಿ, ಮೆಲ್ಲಗೆ ಹೇಳಿದರು. ಟೀಚರ್ ತಮ್ಮ ಮನೆಯ ಜಗಲಿಯ ಮೇಲೆ ಯಾರ ಸಹಾಯವೂ ಇಲ್ಲದೆ ಕೂರುತ್ತಾರೆ. ಮೇಷ್ಟ್ರು ಸ್ಕೂಲಿನ ಮರದ ಸ್ಕೇಲು ತಂದು ಜಗಲಿಯನ್ನೂ ಗಾಡಿಯ ಸೀಟನ್ನೂ ಅಳೆದಿದ್ದರು. ವ್ಯತ್ಯಾಸ ಎರಡೇ ಇಂಚು.

“ಮಾರಿ ಚಿಕ್ಕ ಗಾಡಿ ತಗಬೋದಲ್ಲ ಸಾ?”

“ಅದು ಅವಳ ಗಾಡಿ. ಮಾರಿದ್ರೆ, ನೀನಿನ್ನು ಓಡಿಸೋದಿಲ್ಲ ಅಂತ ನಾನೇ ಹೇಳ್ದ ಹಾಗಾಗಲ್ವಾ?”

ನಾನು ಓಣಿಯಿಂದಲೇ ಕತ್ತು ಚಾಚಿ ಗಾಡಿಯ ಚಕ್ರ ನೋಡಿದೆ.

“ಅವಳಿಗೆ ಹೇಳಬಾರದು. ಹೇಳಿದ್ರೆ ಅವಳು ಹತ್ತೋದಿಲ್ಲ. ನಿಮ್ಮ ಮನೆಯವರಿಗೂ ಬೇಡ. ಯಾರಾದ್ರೂ ಕೇಳಿದ್ರೆ ಮೇಷ್ಟ್ರಿಗೆ ಶೋಕಿ ಅನ್ನಿ.”

“ನಿಮಗೆ ಮುಜುಗರ ಆಗಲ್ವಾ ಸಾ?”

“ಆಗುತ್ತೆ,” ಎಂದರು. “ನನಗೆ ಅದು ಅಭ್ಯಾಸ. ಅವಳಿಗೆ ಅಭ್ಯಾಸ ಇಲ್ಲ.”

ಈ ಒಂದು ಮಾತಿಗೆ ನಾನು ಸಿಕ್ಕಿಹಾಕಿಕೊಂಡೆ. ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕುವ ಆಸಾಮಿಯಲ್ಲ ನಾನು.

ಸ್ಪ್ರಿಂಗುಗಳು ಪಾರ್ಸೆಲಿನಲ್ಲಿ ನನ್ನ ಮನೆಗೇ ಬಂದವು. ಗಾಡಿಯ ಹಳೆಯ ಸ್ಪ್ರಿಂಗಿಗಿಂತ ಗಿಡ್ಡ, ಬಣ್ಣ ಮಾತ್ರ ಮಿಠಾಯಿ ಅಂಗಡಿಯ ಕೆಂಪು. ಮೇಷ್ಟ್ರು ಆ ಬಣ್ಣ ನೋಡಿ ಬೆಚ್ಚಿಬಿದ್ದರು. “ಕಪ್ಪು ಇರಲಿಲ್ವಾ?” ಎಂದು ಕೇಳಿದರು. ಚಕ್ರದ ಹಿಂದೆ ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನ ಮಾಡಿದೆ. ಐಟಿಐನಿಂದ ಸ್ಪ್ರಿಂಗ್ ಅಮುಕುವ ಕ್ಲಾಂಪು, ಎರಡು ಜಾಕಿ, ಗಾಡಿ ನಿಲ್ಲಿಸಲು ಸ್ಟ್ಯಾಂಡು ಕೇಳಿ ತಂದೆ. ಭಾನುವಾರ ಅವರ ಕಾಂಪೌಂಡಿನೊಳಗೆ, ಗೇಟು ಮುಚ್ಚಿಕೊಂಡು ಶುರು ಮಾಡಿದೆವು.

ಕಾರಿನ ಸ್ಪ್ರಿಂಗ್ ಎಂದರೆ ಗದರಿಸಿ ಕೂರಿಸಿದ ಹೋರಿ. ಕ್ಲಾಂಪು ಹಾಕಿ ಎರಡೂ ಕಡೆ ಸಮನಾಗಿ ಬಿಗಿಮಾಡುತ್ತಾ ಅಮುಕಬೇಕು. ಒಂದು ಕಡೆ ಜಾರಿದರೆ ಕೈಯೋ ಮೂತಿಯೋ ಹೋಯಿತು. ನಾನು ಅಮುಕುವಾಗ ಮೇಷ್ಟ್ರು ದೂರ ನಿಂತಿರಬೇಕಿತ್ತು. ಅವರು ಹತ್ತಿರ ಬಂದು, “ನನ್ನ ಕೆಲಸಕ್ಕೆ ನಿಮ್ಮ ಕೈ ಯಾಕೆ ಹೋಗಬೇಕು, ನಾನು ಹಿಡ್ಕೋತೀನಿ” ಎಂದು ಪಂಚೆ ಎತ್ತಿಕಟ್ಟಿ ಕೂತರು. “ಆ ಕಡೀಕೆ ಓಗಿ ಸಾ ಅಂದ್ರೆ!” ಎಂದು ಜೋರಾಗಿ ಗದರಿದೆ. ಗದರಿಸಿಕೊಂಡು ಮೂಲೆಗೆ ಹೋದವರು ಅಲ್ಲಿಂದಲೇ ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯ ತುಂಡಿನ ಮೇಲೆ ಅಕ್ಷತೆ ಇಟ್ಟ ಹಾಗೆ ಜೋಡಿಸಿದರು.

ಟೀಚರ್ ಒಳಗಿನಿಂದ “ಏನ್ರೀ ಅದು ಸದ್ದು?” ಎಂದಾಗಲೆಲ್ಲ, “ಗಾಡಿ ಸರ್ವೀಸು ಕಣೇ” ಎನ್ನುತ್ತಿದ್ದರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು ಗಡಿಯಾರ ನೋಡತೊಡಗಿದರು. ಭಾನುವಾರ ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಚಕ್ರ ನೆಲ ಮುಟ್ಟಬೇಕು. “ಅವಳು ಕೂರೋ ಗಾಡಿ” ಎಂದರು. ಆ ಮಾತಿನ ಮುಂದೆ ನನ್ನ ವಾದ ನಿಲ್ಲಲಿಲ್ಲ. ಚಕ್ರವನ್ನು ಹಿಡಿದ ಕೆಳಗಿನ ತೋಳಿನ ಬೋಲ್ಟನ್ನು ಚಕ್ರ ನೆಲಕ್ಕೆ ಕೂತು ಗಾಡಿಯ ಭಾರ ಬಿದ್ದ ಮೇಲೆ ಬಿಗಿಮಾಡಬೇಕು, ಇಲ್ಲದಿದ್ದರೆ ಅದರೊಳಗಿನ ರಬ್ಬರು ತಿರುಚಿಕೊಳ್ಳುತ್ತದೆ. ನನ್ನ ಹುಡುಗರು ತಪ್ಪಿದರೆ ನಾನು ಬಯ್ಯುವುದೇ ಅದಕ್ಕೆ. ರಾಹುವಿನ ಆತುರದಲ್ಲಿ ಎಲ್ಲವನ್ನೂ ಗಾಡಿ ಜಾಕಿಯ ಮೇಲಿರುವಾಗಲೇ ಬಿಗಿದು ಬಿಸಾಕಿದೆ. ಆ ದಿನದಿಂದ ಆ ಗಾಡಿ ಪ್ರತಿ ಹಳ್ಳಕ್ಕೂ ಕಿರ್ ಎಂದು ಕಿರುಚತೊಡಗಿತು. ಹೊಸ ರಬ್ಬರು ಹಾಕಿಕೊಡುತ್ತೇನೆಂದು ಹೇಳುತ್ತಾ ಹೇಳುತ್ತಾ ಕಾಲ ಕಳೆದೆ.

ನಾಲ್ಕು ಗಂಟೆಗೆ ಗಾಡಿ ಇಳಿಯಿತು. ಹೌದು, ಸೀಟು ಜಗಲಿಯ ಸಮಕ್ಕೆ ಬಂದಿತ್ತು. ಮೇಷ್ಟ್ರು ಸ್ಕೇಲು ಹಿಡಿದು ನೋಡಿ ನನ್ನ ಎಣ್ಣೆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಪೂಜೆ. ಪೂಜೆಯ ಮನೆಯವರಲ್ಲವೇ, ಬಿಡುತ್ತಾರೆಯೇ? ಗಾಡಿಗೆ ಅರಿಶಿನ ಕುಂಕುಮ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು. ಗೇಟು ತೆಗೆದು, ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ದೃಷ್ಟಿ ತೆಗೆದು ರಸ್ತೆಗೆ ಒಡೆದರು. ಒಡೆದ ಸದ್ದಿಗೆ ಬೀದಿ ಹೊರಗೆ ಬಂತು. ಮೇಷ್ಟ್ರು ಸ್ಟೇರಿಂಗಿನ ಮುಂದೆ ಕೂತು, ಚಕ್ರದಡಿ ನಿಂಬೆಹಣ್ಣು ಹಿಸುಕಿಕೊಂಡು, ಗೇಟಿನ ಕಡೆಗೆ ಗಾಡಿ ಬಿಟ್ಟರು.

ಎಲ್ಲ ಅಳೆದಿದ್ದೆವು, ಒಂದನ್ನು ಬಿಟ್ಟು. ಗೇಟಿನ ಮುಂದೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ ಡುಬ್ಬದ ಹಾಗೆ ಎದ್ದಿತ್ತು. ಮುಂದಿನ ಚಕ್ರ ದಾಟಿತು. ಆಮೇಲೆ ಕರಕರಕರ ಎಂದು ಒಂದು ಸದ್ದು. ಗಾಡಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮುಂದೆ ಕುಂಬಳಕಾಯಿ ಹೋಳು, ಹಿಂದೆ ಹೊಗೆ, ಒಳಗೆ ಹಣೆಗೆ ಕೆಂಪು ಗೆರೆ ಎಳೆದುಕೊಂಡ ಮೇಷ್ಟ್ರು.

ಮೊದಲು ಮನೆಯ ಕಿಟಕಿಯಿಂದ ಒಂದು ನಗು ಕೇಳಿಸಿತು. ಟೀಚರ್ ನಗುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅವರೇ ನಕ್ಕ ಮೇಲೆ ಇನ್ನೇನು, ಇಡೀ ಬೀದಿ ಬಿದ್ದುಬಿದ್ದು ನಕ್ಕಿತು.

“ಏನ್ ಸಾ ಇದು, ಗಾಡೀನ ಈ ಪಾಟಿ ಕುಳ್ಳು ಮಾಡ್ಬುಟ್ಟಿದೀರಿ? ಐಕಳ ತರ?” ಎಂದ ಅಂಗಡಿಯವನು.

ಮೇಷ್ಟ್ರು ಗಾಜು ಇಳಿಸಿದರು. ಮುಖದಲ್ಲಿ ರಕ್ತವೆಲ್ಲ ಬಂದು ನಿಂತಿತ್ತು. “ಒಂದು... ಶೋಕಿ ಕಣಪ್ಪ” ಎಂದರು. ಆ ಪದವನ್ನು ಅವರು ಬಾಯಲ್ಲಿ ಇಟ್ಟುಕೊಂಡದ್ದು ಅದೇ ಮೊದಲಿರಬೇಕು, ಬಿಸಿ ಅನ್ನ ನುಂಗಿದವರ ಹಾಗೆ ಹೇಳಿದರು. ಅಂಗಡಿಯವನು ನನ್ನ ಕಡೆ ತಿರುಗಿ “ನೀವಾದ್ರೂ ಬುದ್ಧಿ ಏಳಬಾರ್ದಾಗಿತ್ತಾ?” ಎಂದ. “ಏಳ್ದೆ ಕಣಪ್ಪ, ಕೇಳ್ಬೇಕಲ್ಲ ಅವ್ರು” ಎಂದೆ. ಒಪ್ಪಂದ ಹಾಗಿತ್ತು. ನಾನೂ ನಕ್ಕೆ. ಬೀದಿಯವರೆಲ್ಲ ಸೇರಿ ಗಾಡಿ ಎತ್ತಿ ರಸ್ತೆಗಿಟ್ಟರು. ಟೀಚರನ್ನು ಎತ್ತಲು ಬರುತ್ತಿದ್ದ ಕೈಗಳೇ ಅವು.

ಮಾರನೆಯ ದಿನ ಕಲ್ಲುಚಪ್ಪಡಿ ತೆಗೆಸಿ ತಗ್ಗಿಸಿದರು. ಶೋಕಿ ಮೇಷ್ಟ್ರು ಎನ್ನುವ ಹೆಸರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಗಾಡಿ ಕಿರ್ ಎಂದರೆ ಹೊಳೆ ಸೇತುವೆಯ ಹತ್ತಿರ ನಿಂತ ಹುಡುಗರು ಸೀಟಿ ಹೊಡೆಯುತ್ತಿದ್ದರು. ಮೇಷ್ಟ್ರು ಅವರಿಗೆ ಕೈ ಬೀಸುತ್ತಿದ್ದರು.

ಚನ್ನರಾಯಪಟ್ಟಣಕ್ಕೆ ಹೊರಡುವ ದಿನ ನನ್ನನ್ನೂ ಕರೆದರು, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು. ಟೀಚರ್ “ಬಾಗಿಲತನಕ ಬರ್ತೀನಿ, ಆಗದಿದ್ರೆ ವಾಪಸು” ಎಂದು ಶರತ್ತು ಹಾಕಿ ಹೊರಬಂದರು. ಗಾಡಿಗೆ ಬೆನ್ನು ಕೊಟ್ಟು ನಿಂತರು. ಕೂತರು. ಅಷ್ಟೆ. ಬಲಗೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟುಕೊಂಡು ಮುಂದೆ ನೋಡುತ್ತಾ ಕೂತುಬಿಟ್ಟರು. ಎದುರು ಅಂಗಡಿಯವನು ಎದ್ದು ನಿಂತಿದ್ದವನು ಮತ್ತೆ ಕೂತ. ಮೇಷ್ಟ್ರು ಏನೂ ಕಾಣದವರ ಹಾಗೆ ಎಡಗಡೆಗೆ ಬಂದು, ಬಗ್ಗಿ ಹಿಂದಿನ ಚಕ್ರ ನೋಡಿ, “ಗಾಳಿ ಇದೆ” ಎಂದು ತಮಗೆ ತಾವೇ ಹೇಳಿಕೊಂಡು, ಏಳುವಾಗ ಸಹಜವಾಗಿ ಎಂಬಂತೆ ಟೀಚರ ಬಾಗಿಲನ್ನು ಹಾಕಿದರು. ಎಡಗೈ ಏಳುವುದಿಲ್ಲ, ತೆರೆದ ಬಾಗಿಲು ಬಲಗೈಗೆ ಎಟುಕುವುದಿಲ್ಲ. ಅದಕ್ಕೆ ಈ ಚಕ್ರದ ನೆಪ. ಆಮೇಲೆ ಅವರು ಎಲ್ಲಿಗೆ ಹೊರಟರೂ ಈ ಗಾಳಿ ಪರೀಕ್ಷೆ ತಪ್ಪಲಿಲ್ಲ.

ದಾರಿಯುದ್ದಕ್ಕೂ ನನ್ನ ಪಾಡು ಕೇಳಬೇಡಿ. ನಾನು ದಪ್ಪ. ನಾನು ಹಿಂದೆ ಕೂತರೆ ಗಾಡಿ ಇನ್ನೂ ತಗ್ಗುತ್ತದೆ. ಪ್ರತಿ ಊರಿನ ರಸ್ತೆಯುಬ್ಬಿಗೂ ನಾನು ಇಳಿಯಬೇಕು, ಮೇಷ್ಟ್ರು ಗಾಡಿಯನ್ನು ಅಡ್ಡಡ್ಡಲಾಗಿ ದಾಟಿಸಬೇಕು, ನಾನು ಓಡಿಹೋಗಿ ಹತ್ತಬೇಕು. ಟೀಚರ್ “ಎಡಕ್ಕೆ ತಿರುಗಿಸ್ರೀ! ಇನ್ನೂ ಎಡಕ್ಕೆ!” ಎಂದು ಕೋಲು ಬಡಿದು ಕೋಚಿಂಗ್ ಕೊಡುತ್ತಿದ್ದರು. ಅವರ ಹಳೆಯ ದನಿ ಅಲ್ಲಲ್ಲಿ ವಾಪಸು ಬರುತ್ತಿತ್ತು.

ಚನ್ನರಾಯಪಟ್ಟಣ ಇನ್ನೂ ಸ್ವಲ್ಪ ದೂರ ಇರುವಾಗ ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ. ಬಗ್ಗಿ ಚಕ್ರ ನೋಡಿದ, ಒಳಗೆ ಇಣುಕಿದ. ಇಣುಕಿದವನೇ ಸೆಟೆದು ನಿಂತ.

“ಸಾ! ನೀವಾ ಸಾ? ಅರಕಲಗೂಡಲ್ಲಿ ನಿಮ್ಮತ್ರನೇ ಓದಿದ್ದು ಸಾ ನಾನು!”

ಮೇಷ್ಟ್ರ ಮುಖ ನೋಡಲಾಗಲಿಲ್ಲ. ರಸ್ತೆಯ ನಿಯಮವನ್ನು ಪಾಠ ಮಾಡಿದ ಮನುಷ್ಯ ನಿಯಮ ಮುರಿದ ಗಾಡಿಯಲ್ಲಿ ವಿದ್ಯಾರ್ಥಿಯ ಕೈಗೆ ಸಿಕ್ಕಿಬಿದ್ದಿದ್ದರು.

“ಏನ್ ಸಾ ಇದು ಗಾಡಿ? ಯಾರೋ ಪೋಲಿ ಐಕಳದ್ದು ಅಂದ್ಕಂಡೆ!”

“ನಂದೇ ಕಣಯ್ಯ. ಶೋಕಿಗೆ ಮಾಡಿಸಿದ್ದು,” ಎಂದರು ಮೇಷ್ಟ್ರು. “ತಪ್ಪು. ದಂಡ ಹಾಕು.”

ಪಕ್ಕದಲ್ಲಿ ಟೀಚರ್ ನಕ್ಕರು. “ಹಾಕಪ್ಪಾ, ಸರಿಯಾಗಿ ಹಾಕು. ನಾನು ಹೇಳಿದ್ರೆ ಕೇಳೋದಿಲ್ಲ. ಮುದುಕರಾದ ಮೇಲೆ ಶೋಕಿ ಬಂದಿದೆ ಇವರಿಗೆ.”

ಹುಡುಗ ದಂಡ ಹಾಕಲಿಲ್ಲ. ನಗುತ್ತಾ ಕೈಮುಗಿದು ಕಳಿಸಿದ. ಮೇಷ್ಟ್ರು ಮುಂದಿನ ಊರು ಬರುವವರೆಗೂ ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿದರು. ಹಿಂದಿನ ಸೀಟಿನಲ್ಲಿ ಕೂತ ನನಗೆ, ಗಾಡಿ ನಿಲ್ಲಿಸಿ ಆ ಹುಡುಗನನ್ನು ವಾಪಸು ಕರೆದು ಸತ್ಯ ಹೇಳಿಬಿಡಬೇಕು ಎನ್ನಿಸಿತು. ಕೊಟ್ಟ ಮಾತು ಅಡ್ಡ ಬಂತು.

ಕಲ್ಯಾಣ ಮಂಟಪದ ಮುಂದೆ ಹೆಂಗಸರ ಹಿಂಡು ಗಾಡಿಯ ಕಡೆ ಓಡಿಬಂತು. “ದೂರ ನಿಲ್ರೇ ಎಲ್ಲ!” ಎಂದು ಟೀಚರ್ ಒಂದು ಕೂಗು ಹಾಕಿದರು. ನಡುವಯಸ್ಸಿನ ಆ ಹೆಂಗಸರೆಲ್ಲ ನಿಂತಲ್ಲೇ ನಿಂತರು. ಟೀಚರ್ ಕಾಲನ್ನು ಹೊರಗಿಟ್ಟು, ಕೋಲೂರಿ, ತಾವೇ ಎದ್ದು ನಿಂತರು. ಆಮೇಲೆ ಎಲ್ಲರೂ ಬಂದು ತಬ್ಬಿಕೊಂಡರು. ಮೇಷ್ಟ್ರು ಗಾಡಿಯ ಹಿಂದೆ ಹೋಗಿ ನಿಂತು ಬಹಳ ಹೊತ್ತು ಕನ್ನಡಕ ಒರೆಸಿದರು. ಊಟಕ್ಕೆ ಕರೆಯುವವರೆಗೂ ಒಳಗೆ ಬರಲಿಲ್ಲ.

ಅಲ್ಲಿಂದ ಮುಂದೆ ಎರಡು ವರ್ಷ ಟೀಚರ್ ಎಲ್ಲ ಕಡೆ ಹೋದರು. ಬಾಗೂರಿನ ಮದುವೆ, ಕಟ್ಟಾಯದ ಗೃಹಪ್ರವೇಶ, ಸಂಜೆಯ ದೇವಸ್ಥಾನ. ಗಾಡಿ ಕಿರ್ ಎನ್ನುತ್ತಾ ಹೋಗುತ್ತಿತ್ತು, ಬೀದಿ ನಗುತ್ತಿತ್ತು, ಟೀಚರೂ ನಗುತ್ತಿದ್ದರು. ಯಾರ ಮನೆಗೆ ಹೋದರೂ ಗಾಡಿ ಚಪ್ಪಡಿಯ ಮೇಲೆ ಕೂತ ಕಥೆಯನ್ನು ಅವರೇ ಹೇಳುವರು. ಮೇಷ್ಟ್ರು ಪಕ್ಕದಲ್ಲಿ ನೆಲ ನೋಡುತ್ತಾ ಕೂರುವರು. ನನಗೆ ಟೀಚರ ಮೇಲೆ ಸಿಟ್ಟು ಬರುತ್ತಿತ್ತು. ಒಮ್ಮೆ ಗೋಡೆಯ ಹತ್ತಿರ, “ಸಾಕು ಸಾ, ಮೇಡಂಗೆ ಏಳ್ಬುಡಿ, ನಂಗೆ ತಡಿಯಕ್ಕಾಗ್ತಿಲ್ಲ” ಎಂದೆ. “ಅವಳು ನಗ್ತಾಳಲ್ಲ,” ಎಂದರು. “ಬಿಡಿ.”

ಈ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ವೈಕುಂಠ ಸಮಾರಾಧನೆಯ ದಿನ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಗಾಡಿಯನ್ನು ತೆಗೆಯುವವರಿಲ್ಲದೆ ಅದು ಒಂದು ಪಕ್ಕ ಹಾಗೇ ನಿಂತಿತ್ತು. ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ಜನ ಕುರ್ಚಿಗಳಲ್ಲಿ ಕೂತು ಮೇಷ್ಟ್ರ ಮಾತೆತ್ತಿದರು. ಆ ಕಾನ್‌ಸ್ಟೇಬಲ್ ಹುಡುಗನೂ ಬಂದಿದ್ದ. ಅವನು ಪ್ರೀತಿಯಿಂದಲೇ ಶುರು ಮಾಡಿದ. “ಎಂಥಾ ಮೇಷ್ಟ್ರು ಗೊತ್ತಾ! ನನ್ ಕೈಗೆ ಸಿಕ್ಕಾಕ್ಕಂಡು, ಶೋಕಿ ಕಣಯ್ಯ, ದಂಡ ಆಕು ಅಂದ್ಬುಟ್ರು!” ಜನ ನಕ್ಕರು. ಅಂಗಡಿಯವನು ಕುಂಬಳಕಾಯಿಯ ಕಥೆ ತೆಗೆದ. ಮತ್ತೆ ನಕ್ಕರು.

ಟೀಚರ್ ಬಾಗಿಲ ಹತ್ತಿರ ಕೂತಿದ್ದರು. ಈ ಸಲ ಅವರು ನಗಲಿಲ್ಲ. “ಸಾಕು, ನಿಲ್ಲಿಸ್ರಪ್ಪ” ಎಂದರು. ಸೀಟಿ ಊದುವ ದನಿಯಲ್ಲ, ಯಾರದೋ ಬೇರೆ ದನಿ.

ಕೋಲೂರಿ ಎದ್ದರು. ಅವರ ಮೈದುನ ಎದ್ದು ಬಂದರೆ “ಮುಟ್ಟಬೇಡ” ಎಂದರು. ಅಂಗಳ ದಾಟಿ, ಕುರ್ಚಿಗಳ ನಡುವೆ ಕಾಲೆಳೆದುಕೊಂಡು ಹೋಗಿ, ಗಾಡಿಯ ಎಡಬಾಗಿಲು ತೆಗೆದರು. ಅದನ್ನು ಪೂರಾ ಹಿಂದಕ್ಕೆ ತಳ್ಳಿ, ಬೆನ್ನು ತಿರುಗಿಸಿ ಕೂತರು. ಬಲಗೈಯಿಂದ ಎಡಗಾಲು ಎತ್ತಿ ಒಳಗಿಟ್ಟುಕೊಂಡರು.

“ಇದಕ್ಕೆ ಕಣ್ರಪ್ಪ ಅವರು ಗಾಡಿ ಇಳಿಸಿದ್ದು,” ಎಂದರು. “ನಿಮ್ಮ ಕೈಯಲ್ಲೆಲ್ಲ ನಾನು ಎತ್ತಿಸಿಕೋಬಾರದು ಅಂತ. ಶೋಕಿಗಲ್ಲ.”

ಅಂಗಡಿಯವನು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದ. ಕಾನ್‌ಸ್ಟೇಬಲ್ ಹುಡುಗ ತಲೆ ತಗ್ಗಿಸಿದ.

“ನಿಮಗೆ ಗೊತ್ತಿರಲಿಲ್ಲ, ನಿಮ್ಮ ತಪ್ಪಲ್ಲ. ನನಗೆ ಗೊತ್ತಿತ್ತು. ಜಗಲೀಗೆ ಸ್ಕೇಲ್ ಹಿಡಿದು ಅಳೀತಿದ್ದಾಗಲೇ ನೋಡಿದ್ದೆ. ಗೊತ್ತಿದ್ದೂ ಅವತ್ತು ಕಿಟಕೀಲಿ ಮೊದಲು ನಕ್ಕಿದ್ದು ನಾನು. ಜನ ಅವರನ್ನ ನೋಡಲಿ, ನನ್ನ ಕಾಲು ನೋಡೋದು ಬೇಡ ಅಂತ ನಕ್ಕೆ. ಹೋದ ಹೋದ ಕಡೆ ನಗಿಸಿದೆ. ಅವರು ಸುಮ್ಮನೆ ಕೂತಿರೋರು. ಗೊತ್ತು ಕಣ್ರೀ ಅಂತ ಒಂದು ಮಾತು ಹೇಳಲಿಲ್ಲ ನಾನು. ನಾಚಿಕೆ ಆಗ್ತಿತ್ತು.”

ಇಷ್ಟು ಹೇಳಿ ಮುಂದಿನ ಗಾಜಿನ ಆಚೆ ನೋಡಿದರು. ಪಕ್ಕದ ಸ್ಟೇರಿಂಗ್ ಸೀಟಿನಲ್ಲಿ ಮೇಷ್ಟ್ರ ಮಡಿಸಿದ ಟವೆಲ್ಲು ಹಾಗೇ ಇತ್ತು. ಅವರ ಬಲಗೈ ಒಂದು ಸಲ ಬಾಗಿಲ ಕಡೆಗೆ ಚಾಚಿತು. ಎಟುಕಲಿಲ್ಲ. ಕೈ ಮಡಿಲಿಗೆ ವಾಪಸು ಬಂತು. ಬಾಗಿಲು ಹಾಕಿ ಎಂದು ಯಾರನ್ನೂ ಕೇಳಲಿಲ್ಲ.

ನಾನು ಎದ್ದು ಹೋದೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದಿನ ಚಕ್ರದ ಹತ್ತಿರ ಬಗ್ಗಿ ಕೈಯಿಂದ ಒತ್ತಿ ನೋಡಿದೆ. ನಿಂತೂ ನಿಂತೂ ಗಾಳಿ ಇಳಿದಿತ್ತು.

“ಗಾಳಿ ಇದೆ” ಎಂದು ಹೇಳಿ, ಎದ್ದು ಬಾಗಿಲು ಹಾಕಿದೆ.